ಒಂದೇ ಅಂಕಿಯ ಬೇಸಿಗೆ

ಹೋದ ತಿಂಗಳು ಷಿಕಾಗೋದಿಂದ ಅವರ ತಮ್ಮನ ಮಗ ಫೋನ್ ಮಾಡಿ, "ದೊಡ್ಡಪ್ಪ ಹೋಗ್ಬಿಟ್ರು" ಎಂದ. ಏನೋ ನಾಲ್ಕು ಮಾತಾಡಿ ಫೋನ್ ಇಟ್ಟೆ. ನನಗೆ ಅಳು ಬರಲಿಲ್ಲ, ಭಯವಾಯಿತು. ಸತ್ತವರ ವಿಷಯದಲ್ಲಿ ಹೀಗೆ ಬರೆಯಬಾರದೆಂದು ಗೊತ್ತು. ಆದರೆ ಅವರಿದ್ದಾಗಲೂ ಅವರ ಪಕ್ಕದಲ್ಲಿ ನಿಂತರೆ ನನಗೆ ಮೊದಲು ಆಗುತ್ತಿದ್ದುದು ಸಣ್ಣದೊಂದು ಭಯವೇ. ಪ್ರೀತಿ, ಗೌರವ ಎಲ್ಲ ಅದರ ಹಿಂದಿನಿಂದ ಬರುತ್ತಿದ್ದವು.

ಅವರ ಹೆಸರು ಬರೆಯುವುದಿಲ್ಲ. ನಾವು ಕೆಲಸ ಮಾಡಿದ ಕಂಪನಿಯ ಹೆಸರೂ ಬೇಡ, ಆ ನದಿಯ ಹೆಸರೂ ಬೇಡ. ನದಿಯ ಹೆಸರನ್ನು ಹೊರಗೆ ಬಾಯಿಬಿಡುವುದಿಲ್ಲವೆಂದು ನಾವೆಲ್ಲ ಆಗಲೇ ಬರೆದುಕೊಟ್ಟಿದ್ದೆವು. ಅದು ಒಂದು ದೇಶದಲ್ಲಿ ಹುಟ್ಟಿ ಇನ್ನೊಂದು ದೇಶದಲ್ಲಿ ಸಮುದ್ರ ಸೇರುವ ನದಿ. ಆಫೀಸಿನಲ್ಲಿ ಆ ಎರಡು ದೇಶಗಳಿಗೆ ಮೇಲಿನವರು, ಕೆಳಗಿನವರು ಎಂದೇ ಹೆಸರು. ಮೇಲಿನವರು ಅಣೆಕಟ್ಟು ಕಟ್ಟಲು ಹೊರಟಿದ್ದರು. ಕಟ್ಟಿದರೆ ಸೈನ್ಯ ಕಳಿಸುತ್ತೇವೆ ಎಂದು ಕೆಳಗಿನವರು ಹೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷವೂ ಕೆಳಗಿನವರಿಗೆ ಕುಡಿಯುವಷ್ಟು ನೀರು ಇಳಿಯುತ್ತದೆಯೇ ಎಂಬುದನ್ನು ಸಂಬಂಧವಿಲ್ಲದ ಮೂರನೆಯವರು ಪರೀಕ್ಷೆ ಮಾಡಿ ಹೇಳಲಿ ಎಂದು ಕೊನೆಗೆ ಒಪ್ಪಂದವಾಯಿತು. ಆ ಮೂರನೆಯವರು ಅಮೆರಿಕದಲ್ಲಿ, ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿದ್ದ ನಮ್ಮ ಕಂಪನಿ.

ಹೊರಗಿನಿಂದ ನೋಡಿದರೆ ಅದೊಂದು ತಗಡಿನ ಷೆಡ್ಡು. ಪಕ್ಕದಲ್ಲಿ ಸ್ಕ್ರೂ ಮಾಡುವ ಕಾರ್ಖಾನೆ, ಎದುರಿಗೆ ಪಾರ್ಕಿಂಗ್ ಲಾಟು. ಒಳಗೆ ಆ ನದಿ ಮಲಗಿತ್ತು. ನೂರಿಪ್ಪತ್ತು ಅಡಿ ಉದ್ದದ ಮಾದರಿ. ದಡಗಳು ಸಿಮೆಂಟಿನವು, ಕೆಳಗಿನವರ ಭಾಗದಲ್ಲಿ ನದಿಪಾತ್ರಕ್ಕೆ ಜರಡಿ ಹಿಡಿದ ಮರಳು. ಒಂದು ತುದಿಯಲ್ಲಿ ಪಂಪು ನೀರು ಬಿಡುತ್ತಿತ್ತು, ಇನ್ನೊಂದು ತುದಿಯ ತೊಟ್ಟಿಗೆ ಬಿದ್ದ ಅದೇ ನೀರು ಮತ್ತೆ ಮೇಲಕ್ಕೆ ಹೋಗುತ್ತಿತ್ತು. ನದಿಯ ನೀರು ಕುಡಿಯುವ ಊರೊಂದಕ್ಕೆ ಒಂದರಂತೆ ದಡದ ಮೇಲೆ ಕೆಂಪು ತಲೆಯ ಗುಂಡುಪಿನ್ನು ನಿಲ್ಲಿಸಿದ್ದೆವು. ಇಂಥ ಮಾದರಿಯಲ್ಲಿ ಜಾಗ ಚಿಕ್ಕದಾದ ಹಾಗೆ ಕಾಲವೂ ಚಿಕ್ಕದಾಗುತ್ತದೆ. ಬೆಳಿಗ್ಗೆ ಕಾಫಿ ಕುಡಿದು ವಾಲ್ವ್ ತಿರುಗಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಬೇಸಿಗೆ ಮುಗಿದಿರುತ್ತಿತ್ತು. "ನೀವು ಸ್ಯಾಂಡ್‌ವಿಚ್ ಬಿಚ್ಚೋ ಹೊತ್ತಿಗೆ ಆ ಪಿನ್ನಿನ ಊರಲ್ಲಿ ಮೂರು ತಿಂಗಳು ಕಳೆದಿರತ್ತೆ" ಎಂದು ಅವರು ಒಮ್ಮೆ ಹೇಳಿದರು. ಅಲ್ಲಿಂದ ಮುಂದೆ ಆ ಷೆಡ್ಡಿನಲ್ಲಿ ನನಗೆ ನೆಮ್ಮದಿಯಾಗಿ ಊಟ ಸೇರಲಿಲ್ಲ.

ಅವರು ಮೈಸೂರಿನವರು. ನೀರಾವರಿ ಇಲಾಖೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಸವೆಸಿ, ಅರವತ್ತರ ದಶಕದ ಕೊನೆಗೆ ಈ ದೇಶಕ್ಕೆ ಬಂದವರು. ಮದುವೆಯಾಗಿರಲಿಲ್ಲ. ಎರಡು ವರ್ಷದ ಮೇಲೆ ನಾನು ಬಂದು ಸೇರಿದಾಗ ಅವರಿಗೆ ಐವತ್ತೈದು ದಾಟಿತ್ತು, ನನಗೆ ಇಪ್ಪತ್ತೆಂಟು. ತೆಳ್ಳಗೆ, ಎತ್ತರಕ್ಕೆ, ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡು, ಷೆಡ್ಡಿನ ಒಳಗೂ ಮಂಕಿ ಕ್ಯಾಪ್ ತೆಗೆಯದೆ ಓಡಾಡುತ್ತಿದ್ದರು. ಆದರೆ ಮಾದರಿಯ ಪಾತ್ರಕ್ಕೆ ಇಳಿಯುವಾಗ ಮಾತ್ರ ಷೂ, ಕಾಲುಚೀಲ ಎರಡನ್ನೂ ಬಿಚ್ಚಿ ಬರಿಗಾಲಲ್ಲಿ ಇಳಿಯುತ್ತಿದ್ದರು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ ಒಳಗೆ ನೀರು ಹೆಪ್ಪುಗಟ್ಟದಷ್ಟೇ ಬಿಸಿ ಇರುತ್ತಿತ್ತು. ಪಂಪು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಮೆಕ್ಯಾನಿಕ್ಕು, ನದಿಗೆ ನಿಮ್ಮ ಷೂ ಚುಚ್ಚುತ್ತದೆಯೇ ಎಂದು ಅವರನ್ನು ರೇಗಿಸುತ್ತಿದ್ದ. ಒಂದು ತಿಂಗಳಾದ ಮೇಲೆ ನೋಡುತ್ತೇನೆ, ಅವನೂ ದಡದ ಮೇಲೆ ಬೂಟು ಬಿಚ್ಚಿಟ್ಟು ಇಳಿಯುತ್ತಿದ್ದಾನೆ. ಯಾಕೆಂದು ಕೇಳಿದರೆ ಭುಜ ಹಾರಿಸಿದ.

ನೀರಿನ ಮಟ್ಟ ಅಳೆಯಲು ನಮ್ಮ ಹತ್ತಿರ ಒಂದು ಸೂಜಿ ಇತ್ತು. ತಿರುಪು ತಿರುಗಿಸಿ ಅದನ್ನು ಇಳಿಸುತ್ತ ಹೋದರೆ ನೀರಿನ ಒಳಗಿನಿಂದ ಅದರ ಪ್ರತಿಬಿಂಬ ಮೇಲೆ ಬರುತ್ತದೆ. ಎರಡು ಮೊನೆಗಳೂ ಮುಟ್ಟಿದ ಕ್ಷಣದಲ್ಲಿ ಅಂಕಿ ಓದಬೇಕು. ಅವರು ಕುಕ್ಕರುಗಾಲಲ್ಲಿ ಕೂತು, ಮುಖ ನೀರಿಗೆ ತಾಗುವಷ್ಟು ಬಗ್ಗಿ, ಉಸಿರು ಬಿಗಿ ಹಿಡಿಯುತ್ತಿದ್ದರು. ಅಷ್ಟು ಹೊತ್ತು ಉಸಿರು ಕಟ್ಟುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

"ಉಸಿರು ಬಿಟ್ರೆ ನೀರು ಬೆದರತ್ತೆ" ಎನ್ನುತ್ತಿದ್ದರು. ತಮಾಷೆಯೆಂದು ನಾನು ನಗುತ್ತಿದ್ದೆ, ಅವರು ನಗುತ್ತಿರಲಿಲ್ಲ.

ನಾರ್ತ್‌ವಿಲ್‌ನ ನಮ್ಮ ಮನೆಗೆ ತಿಂಗಳಿಗೊಮ್ಮೆ ಊಟಕ್ಕೆ ಬರುತ್ತಿದ್ದರು. ನನ್ನ ಹೆಂಡತಿ ಅಕ್ಕಿ ತೊಳೆಯಲು ನಲ್ಲಿ ಬಿಟ್ಟಳೆಂದರೆ ಹಾಲಿನಲ್ಲಿ ಕೂತಿದ್ದವರು ಮಾತು ನಿಲ್ಲಿಸಿಬಿಡುತ್ತಿದ್ದರು. ನಲ್ಲಿ ನಿಂತ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. "ಸರ್ ಇದ್ದಾಗ ನಂಗೆ ಪಾತ್ರೆ ತೊಳೆಯೋಕೂ ಒಂಥರಾ ಆಗತ್ತೆ ಕಣ್ರೀ. ಹಿಂದೆ ಯಾರೋ ಕ್ಯೂನಲ್ಲಿ ನಿಂತಿದಾರೆ ಅನ್ಸತ್ತೆ" ಎಂದು ಅವಳು ಹೇಳಿದ್ದಳು. ನಾನು ಅವಳನ್ನು ಗೇಲಿ ಮಾಡಿದೆ. ಆದರೆ ಸ್ನಾನ ಮಾಡುವಾಗ ಷವರ್ ಬೇಗ ನಿಲ್ಲಿಸುವ ಅಭ್ಯಾಸ ನನಗೂ ಆ ದಿನಗಳಲ್ಲೇ ಅಂಟಿಕೊಂಡದ್ದು.

ಆ ಗುಂಡಿಗಳು ಮೊದಲು ಕಂಡದ್ದು ಒಂದು ಸೋಮವಾರ ಬೆಳಿಗ್ಗೆ. ಶುಕ್ರವಾರ ಸಂಜೆ ಪಂಪು ನಿಲ್ಲಿಸಿ, ನೀರು ಬಸಿದು ಹೋಗಲು ಬಿಟ್ಟು, ಮರಳನ್ನು ಮಟ್ಟ ಮಾಡಿ ಹೋಗಿದ್ದೆ. ಸೋಮವಾರ ಬಂದು ದೀಪ ಹಾಕಿದರೆ ಕೆಳಗಿನವರ ಎಡದಂಡೆಯಲ್ಲಿ, ಏಳನೆಯ ಪಿನ್ನಿನ ಹತ್ತಿರ, ಮರಳಿನಲ್ಲಿ ಐದು ಸಣ್ಣ ಗುಂಡಿಗಳು. ಹೆಬ್ಬೆರಳಿನಷ್ಟು ಅಗಲ, ಒಂದು ಗೆಣ್ಣು ಆಳ. ಒಂದೊಂದರ ತಳದಲ್ಲೂ ಒಂದು ಹನಿ ನೀರು. ಮೆಕ್ಯಾನಿಕ್ಕಿನ ಕಿತಾಪತಿ ಇರಬೇಕೆಂದು ಮೊದಲು ಅಂದುಕೊಂಡೆ, ಆಮೇಲೆ ಇಲಿ ಇರಬೇಕೆಂದು. ಅವರನ್ನು ಕರೆದು ತೋರಿಸಿದೆ.

"ಮರಳೊಳಗೆ ಸಿಕ್ಕೊಂಡಿರೋ ಗಾಳಿ. ನೀರು ಇಳಿಯೋವಾಗ ಹೊರಗೆ ಬರತ್ತೆ" ಎಂದರು. ಶಾಸ್ತ್ರದ ಪ್ರಕಾರ ಅದು ಆಗಬಹುದಾದ ವಿಷಯವೇ. ನಾನು ಒಪ್ಪಿದೆ, ಮಟ್ಟ ಮಾಡಿದೆ. ಮುಂದಿನ ಸೋಮವಾರ ಅದೇ ಜಾಗದಲ್ಲಿ ಮತ್ತೆ ಐದು. ಮೂರನೆಯ ಶುಕ್ರವಾರ ಯಾರಿಗೂ ಹೇಳದೆ ಎರಡು ಬಾಗಿಲಿಗೂ ಹೊರಗಿನಿಂದ ಟೇಪು ಅಂಟಿಸಿ, ಟೇಪಿನ ಮೇಲೆ ನನ್ನ ಸಹಿ ಹಾಕಿ ಹೋದೆ. ಸೋಮವಾರ ಟೇಪು ಅಂಟಿಸಿದ ಹಾಗೇ ಇತ್ತು. ಒಳಗೆ ಗುಂಡಿ ಏಳು ಇದ್ದವು. ಅವರು ಬಂದು ನೋಡಿ, "ಗಾಳಿ" ಎಂದರು. ಆದರೆ ನಾನು ಹಲಗೆ ತೆಗೆದುಕೊಂಡು ಮಟ್ಟ ಮಾಡಲು ಹೋದಾಗ ನನ್ನ ಮೊಣಕೈ ಹಿಡಿದು, "ಇವತ್ತು ಇರ್ಲಿ ಬಿಡಿ" ಎಂದರು. ಅವರ ಕೈ ತಣ್ಣಗಿತ್ತು.

ಅದೇ ವಾರ ಕೆಳಗಿನವರ ದೇಶದಿಂದ ಅಳತೆಯ ಪುಸ್ತಕಗಳ ಫೋಟೋ ಪ್ರತಿ ಬಂದವು. ನದಿಯ ಪಕ್ಕದಲ್ಲಿ ಒಂದು ಅಳತೆಯ ಕಂಬ ನೆಟ್ಟಿರುತ್ತಾರೆ. ದಿನಾ ಬೆಳಿಗ್ಗೆ ಒಬ್ಬ ಹೋಗಿ ನೀರು ಎಲ್ಲಿಯವರೆಗೆ ಇದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಅಲ್ಲಿಯ ಅತಿ ಕೆಟ್ಟ ಬೇಸಿಗೆಯ ಅಂಕಿಯನ್ನು ಹಿಡಿದು ನಾವು ವಾಲ್ವ್ ಇಡಬೇಕಿತ್ತು. ಪುಸ್ತಕದ ಪ್ರಕಾರ ಆ ಬೇಸಿಗೆಯಲ್ಲೂ ಕಂಬದ ಮೇಲೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚೇ ನೀರಿತ್ತು. ಅಷ್ಟಿದ್ದರೆ ಎಲ್ಲ ಪಿನ್ನಿಗೂ ನೀರು ಮುಟ್ಟುತ್ತದೆ, ಅಣೆಕಟ್ಟು ಕಟ್ಟಬಹುದು, ಜಗಳ ಮುಗಿಯುತ್ತದೆ.

ಅವರು ಆ ಪುಟಗಳನ್ನು ಮೇಜಿನ ಮೇಲೆ ಹರಡಿ ನನ್ನನ್ನು ಕರೆದರು.

"ಎರಡು ಪಾಯಿಂಟ್ ಒಂದು. ಮಾರನೇ ದಿನ, ಎರಡು ಪಾಯಿಂಟ್ ಒಂದು. ಹೀಗೇ ಓದ್ತಾ ಹೋಗಿ."

ಓದುತ್ತ ಹೋದೆ. ಎರಡು ತಿಂಗಳು ಅದೇ ಅಂಕಿ.

"ಸ್ಟೆಡಿಯಾಗಿತ್ತೇನೋ ಸರ್."

"ನದಿ ಎರಡು ದಿನ ಒಂದೇ ಮಟ್ಟದಲ್ಲಿ ನಿಲ್ಲಲ್ಲ ಕಣ್ರೀ. ಒಂದು ಕೂದಲೆಳೆ ಏರತ್ತೆ, ಒಂದು ಕೂದಲೆಳೆ ಇಳಿಯತ್ತೆ. ಇದು ಎರಡು ತಿಂಗಳು ಉಸಿರಾಡಿಲ್ಲ" ಎಂದು ಆ ಪುಟದ ಮೇಲೆ ಅಂಗೈ ಇಟ್ಟುಕೊಂಡು ಕೂತರು.

ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಒಂದೇ ಒಂದು ಸಲ. ಕಂಪನಿಯ ಕೆಲಸಕ್ಕೆ ಇಬ್ಬರೂ ಷಿಕಾಗೋಗೆ ಹೋಗಿದ್ದೆವು. ವಾಪಸು ಬರುವಾಗ ಊರಾಚೆಯ ಲೆಮಾಂಟಿನ ಕಾಲುವೆ ನೋಡಬೇಕು, ಸುತ್ತಾದರೂ ಪರವಾಗಿಲ್ಲ, ಡ್ರೈವ್ ಮಾಡಿ ಎಂದರು. ಷಿಕಾಗೋದ ನದಿ ಹಿಂದೆ ಊರಿಗೆ ಕುಡಿಯುವ ನೀರು ಕೊಡುವ ಸರೋವರಕ್ಕೆ ಹರಿಯುತ್ತಿತ್ತು. ಊರಿನ ಕೊಳೆ ಕುಡಿಯುವ ನೀರಿಗೆ ಸೇರುತ್ತದೆಂದು ಕಾಲುವೆ ತೋಡಿ ಅದನ್ನು ಹಿಂದುಮುಂದಾಗಿ ತಿರುಗಿಸಿದರು. ಸರೋವರದ ನೀರು ಹೀಗೆ ಎಷ್ಟು ಹೊರಗೆ ಹೋಗುತ್ತದೆ ಎಂದು ಗಡಿಯಾಚೆಯ ಕೆನಡಾದವರೂ ಕಣ್ಣಿಟ್ಟು ಕೂತಿರುತ್ತಾರೆ. ನಾವು ಹೋದಾಗ ಮಧ್ಯಾಹ್ನ. ಸುಣ್ಣಕಲ್ಲಿನ ಎರಡು ಗೋಡೆಗಳ ನಡುವೆ ಹಸಿರು ನೀರು ಸದ್ದಿಲ್ಲದೆ ಹೋಗುತ್ತಿತ್ತು. ಒಂದು ಹಕ್ಕಿಯೂ ಇರಲಿಲ್ಲ. ತಪ್ಪು ದಿಕ್ಕಿಗೆ ಹೋಗುತ್ತಿರುವ ನೀರೆಂದು ಗೊತ್ತಿದ್ದರಿಂದಲೋ ಏನೋ ನನಗೆ ಅದನ್ನು ಬಹಳ ಹೊತ್ತು ನೋಡಲಾಗಲಿಲ್ಲ.

ಅವರು ನೀರನ್ನೇ ನೋಡುತ್ತ ಹೇಳಿದರು. "ನಾನು ಹೊಸದಾಗಿ ಇಲಾಖೆ ಸೇರಿದ್ದೆ. ಒಂದು ಬೇಸಿಗೇಲಿ ಕಂಬ ಓದೋನು ಬಂದ. 'ಬುದ್ಧಿ, ನೀರು ಕಂಬ ಬಿಟ್ಟು ದೂರ ಹೋಗೈತೆ, ಏನ್ ಬರೀಲಿ' ಅಂದ. ಪುಸ್ತಕ ಖಾಲಿ ಬಿಟ್ರೆ ನಮಗೆ ಮೆಮೋ ಬರ್ತಿತ್ತು. 'ನಿನ್ನೇದೇ ಬರಿ' ಅಂದೆ. ಅವನು ಬರೆದ. ದಿನಾ ಬರೆದ. ಆ ವರ್ಷ ಬಂಡೀಲಿ ಕುಡಿಯೋ ನೀರು ಕಳ್ಸೋ ಊರುಗಳ ಪಟ್ಟಿ ಮಾಡಿದ್ರು. ಅವನ ಊರಿನ ಹತ್ರ ನದೀಲಿ ನೀರಿದೆ ಅಂತ ನಮ್ಮ ಪುಸ್ತಕ ಹೇಳ್ತಿತ್ತು. ಊರನ್ನ ಪಟ್ಟಿಯಿಂದ ತೆಗೆದ್ರು."

"ಆಮೇಲೆ?"

"ಮರಳಲ್ಲಿ ಗುಂಡಿ ತೋಡಿ ಕುಡಿದ್ರು. ವಾಂತಿಭೇದಿ ಬಂತು. ನಾನು ಹೋಗೋ ಹೊತ್ತಿಗೆ ಅವನ ಮಗಳು ಹೋಗಿ ಎರಡು ದಿನ ಆಗಿತ್ತು. ಅವತ್ತೂ ಪುಸ್ತಕ ತಂದು ತೋರಿಸ್ದ. ಅವತ್ತಿಂದೂ ಬರೆದಿದ್ದ."

ಕಾರಿನ ಹತ್ತಿರ ಬಂದಾಗ ಅವರೇ, "ಎಡದಂಡೇಲಿ ತೋಡಿದ್ರು. ಅಲ್ಲಿ ಮರಳು ದಪ್ಪ, ಬೇಗ ಒಸರತ್ತೆ" ಎಂದರು. ಷೆಡ್ಡಿನ ಗುಂಡಿಗಳನ್ನು ಇವರೇ ಮಾಡುತ್ತಿದ್ದಾರೆಂದು ಆ ಕ್ಷಣಕ್ಕೆ ಖಾತ್ರಿಯಾಯಿತು. ಡೆಟ್ರಾಯ್ಟ್ ಮುಟ್ಟುವವರೆಗೂ, ಇನ್ನೂರೈವತ್ತು ಮೈಲಿಗಿಂತ ಹೆಚ್ಚು ದೂರ, ಬಾಗಿಲಿನ ಟೇಪು ಯಾಕೆ ಹರಿದಿರಲಿಲ್ಲ ಎಂದು ಯೋಚಿಸಿದೆ.

ಎರಡೂ ದೇಶದವರು ಮಾದರಿ ನೋಡಲು ಬಂದ ದಿನ ನದಿಯ ಆಚೆ ದಡದಲ್ಲಿ ಮೇಲಿನವರು ನಿಂತರು, ಈಚೆ ದಡದಲ್ಲಿ ಕೆಳಗಿನವರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕುಡಿಯಲು ಇಟ್ಟಿದ್ದ ಒಂದೇ ಜಗ್ಗಿನ ನೀರನ್ನು ಯಾರೂ ಮುಟ್ಟದೆ, ಆಫೀಸಿನವರು ಓಡಿಹೋಗಿ ಇನ್ನೊಂದು ಜಗ್ಗು ತಂದಿಟ್ಟರು. ಸರ್ ಪುಸ್ತಕದ ಅಂಕಿಗೆ ವಾಲ್ವ್ ಇಟ್ಟು ಬೇಸಿಗೆ ಓಡಿಸಿದರು. ನೀರು ಎಲ್ಲ ಪಿನ್ನುಗಳನ್ನೂ ಮುಟ್ಟಿತು. ಎರಡು ಕಡೆಯ ಮುಖ್ಯಸ್ಥರೂ ತಲೆಯಾಡಿಸಿದರು. ಆಗ ಸರ್, "ಇದು ಪುಸ್ತಕದ ಬೇಸಿಗೆ. ಇನ್ನು ನಿಜವಾದದ್ದನ್ನು ನೋಡಿ" ಎಂದು ಇಂಗ್ಲಿಷಿನಲ್ಲಿ ಹೇಳಿ ವಾಲ್ವ್ ಮುಚ್ಚಿಬಿಟ್ಟರು.

ಪಂಪು ನಿಂತಿತು. ನೀರು ಬಸಿಯುವ ಸದ್ದೊಂದೇ. ಕೆಳಗಿನವರ ಭಾಗದ ಮರಳು ಮೆಲ್ಲಗೆ ಮೇಲೆದ್ದಿತು. ಎಡದಂಡೆಯಲ್ಲಿ ಒಂಬತ್ತು ಗುಂಡಿಗಳಿದ್ದವು. ಆ ಬೆಳಿಗ್ಗೆ ಆ ಮರಳನ್ನು ನಾನೇ, ನನ್ನ ಕೈಯಾರೆ, ಹಲಗೆ ಎಳೆದು ಮಟ್ಟ ಮಾಡಿದ್ದೆ. ಆಮೇಲೆ ಪಾತ್ರಕ್ಕೆ ಯಾರೂ ಇಳಿದಿರಲಿಲ್ಲ.

ಕೆಳಗಿನವರಲ್ಲೊಬ್ಬ ನಡುವಯಸ್ಸಿನ ಎಂಜಿನಿಯರ್ ಇದ್ದ. ಅವನು ದಡದ ಮೇಲೆ ಮೊಣಕಾಲೂರಿ ಒಂದು ಗುಂಡಿಯೊಳಗೆ ಬೆರಳಿಟ್ಟ. "ನಮ್ಮ ಹೆಂಗಸರು ತೋಡುವುದು ಇಲ್ಲೇ. ಇದೇ ಜಾಗ. ನಿಮಗೆ ಯಾರು ಹೇಳಿದರು?" ಎಂದ. ನಾನು ಸರ್ ಮುಖ ನೋಡಿದೆ. ಬೆಪ್ಪಾಗಿ, ನನಗಿಂತ ಹೆಚ್ಚು ಹೆದರಿ ನಿಂತಿದ್ದರು. ಇವರು ಮಾಡಿದ್ದಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಅಷ್ಟರಲ್ಲಿ ಕೆಳಗಿನವರ ಮುಖ್ಯಸ್ಥ ತಮ್ಮ ಭಾಷೆಯಲ್ಲಿ ಒಂದೇ ಮಾತು ಹೇಳಿದ. ಎಂಜಿನಿಯರ್ ಎದ್ದು ಮೊಣಕಾಲಿನ ಮರಳು ಒರೆಸಿಕೊಂಡು ಹಿಂದೆ ಹೋಗಿ ನಿಂತ. ನಮ್ಮ ಪುಸ್ತಕಗಳು ಸರಿಯಾಗಿವೆ ಎಂದು ಮುಖ್ಯಸ್ಥ ಇಂಗ್ಲಿಷಿನಲ್ಲಿ ಘೋಷಿಸಿದ. ಕಾರಣ ಆಮೇಲೆ ತಿಳಿಯಿತು. ಮಳೆಗಾಲದ ನೀರಿನಲ್ಲಿ ಕೆಳಗಿನವರು ಕೇಳುತ್ತಿದ್ದ ದೊಡ್ಡ ಪಾಲು ನಿಂತಿದ್ದುದೂ ಅದೇ ಪುಸ್ತಕಗಳ ಮೇಲೆ. ಬೇಸಿಗೆಯ ಪುಟ ಸುಳ್ಳೆಂದು ಒಪ್ಪಿಕೊಂಡರೆ ಮಳೆಗಾಲದ ಪುಟವನ್ನು ಯಾರು ನಂಬುತ್ತಾರೆ? ಆಚೆ ದಡದಿಂದ ಮೇಲಿನವರು, ನಮಗೂ ಪುಸ್ತಕ ಒಪ್ಪಿಗೆ ಎಂದರು. ಅವರಿಗೆ ಅಣೆಕಟ್ಟು ಬೇಕಿತ್ತು. ವರ್ಷಗಟ್ಟಲೆ ಒಂದು ಮಾತಿಗೂ ಒಪ್ಪದಿದ್ದ ಎರಡು ದೇಶಗಳು ಇಲ್ಲದ ನೀರಿನ ವಿಷಯದಲ್ಲಿ ಒಪ್ಪಿಕೊಂಡವು. ಆಮೇಲೆ ಎಲ್ಲರೂ ಕೈಕುಲುಕಿದರು, ಫೋಟೋ ತೆಗೆಸಿಕೊಂಡರು.

ವರದಿಯ ಕೊನೆಯ ಪುಟಕ್ಕೆ ಪರೀಕ್ಷೆ ಮಾಡಿದ ಎಂಜಿನಿಯರ್ ಸಹಿ ಹಾಕಬೇಕಿತ್ತು. ಅತಿ ಕೆಟ್ಟ ಬೇಸಿಗೆಯಲ್ಲೂ ಕೆಳಗಿನ ಊರುಗಳಿಗೆ ಕುಡಿಯುವ ನೀರು ಸಿಗುತ್ತದೆ ಎಂಬುದು ಆ ಪುಟ. ಅವರು ಹಾಕುವುದಿಲ್ಲ ಎಂದರು. ಜಗಳವಿಲ್ಲ, ಭಾಷಣವಿಲ್ಲ, ಪೆನ್ನಿನ ಕ್ಯಾಪು ಮುಚ್ಚಿ ಬಾಸಿನ ಮೇಜಿನ ಮೇಲಿಟ್ಟು ಷೆಡ್ಡಿಗೆ ಹೋದರು. ಬಾಸು ನನ್ನನ್ನು ಕರೆಸಿದ. ಸೂಜಿ ಓದಿದವರಲ್ಲಿ ನೀನೂ ಒಬ್ಬ ಅಲ್ಲವೇ ಎಂದ. ನನ್ನ ಗ್ರೀನ್ ಕಾರ್ಡಿಗೆ ಕಂಪನಿಯೇ ಅಪ್ಲೈ ಮಾಡಿತ್ತು. ಹೆಂಡತಿಗೆ ಏಳು ತಿಂಗಳು. ಇವೆಲ್ಲ ನೆಪ ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಸಹಿ ಹಾಕಲು ಎರಡು ಸೆಕೆಂಡು ಹಿಡಿಯಿತು.

ಷೆಡ್ಡಿಗೆ ಹೋದೆ. ಅವರು ಪಾತ್ರದೊಳಗೆ ಬರಿಗಾಲಲ್ಲಿ ನಿಂತು ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದರು.

"ಸರ್, ನಾನು ಸಹಿ ಹಾಕ್ದೆ."

ಅವರು ಕೆಲಸ ನಿಲ್ಲಿಸಲಿಲ್ಲ. "ಮನೇಲಿ ಹೇಗಿದಾರೆ?"

"ಏಳನೇ ತಿಂಗಳು ಸರ್."

"ನೀರು ಚೆನ್ನಾಗಿ ಕುಡೀಲಿ" ಎಂದರು.

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ತಿಂಗಳು ಕೊನೆಯಾಗುವ ಮುಂಚೆ ಅವರು ರಾಜೀನಾಮೆ ಕೊಟ್ಟು ಷಿಕಾಗೋ ಹತ್ತಿರದ ತಮ್ಮನ ಮಗನ ಮನೆಗೆ ಹೊರಟುಹೋದರು. ಅಲ್ಲಿ ಯಾವುದೋ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದರಂತೆ. ಮಾದರಿಯನ್ನು ಒಡೆದು ಲಾರಿಗೆ ತುಂಬಿದರು. ಯುಗಾದಿಗೆ, ದೀಪಾವಳಿಗೆ ನಾನು ಕಾರ್ಡು ಹಾಕುತ್ತಿದ್ದೆ, ಅವರೂ ಎರಡು ಸಾಲು ಬರೆಯುತ್ತಿದ್ದರು. ಆ ನದಿಯ ಮಾತು ಇಬ್ಬರೂ ಎತ್ತಲಿಲ್ಲ.

ಕಳೆದ ಬೇಸಿಗೆಯಲ್ಲಿ ಪೇಪರಿನ ಒಳಪುಟದಲ್ಲಿ ಸುದ್ದಿ ಬಂತು. ಅಣೆಕಟ್ಟಿನ ಬಾಗಿಲು ಮುಚ್ಚಿತ್ತು, ಮಳೆ ಬಂದಿರಲಿಲ್ಲ. ಕೆಳಗಿನವರ ಹಳ್ಳಿಗಳ ಜನ ಕೊಡ ಹೊತ್ತು ಗಡಿಯ ಕಡೆ ನಡೆದಿದ್ದರು. ಗಡಿಯಲ್ಲಿ ಗುಂಡು ಹಾರಿತ್ತು. ಮೇಲಿನವರ ಮಂತ್ರಿ, ನೀರು ಸಾಲುತ್ತದೆ ಎಂದು ಅಮೆರಿಕದ ಎಂಜಿನಿಯರುಗಳೇ ಬರೆದುಕೊಟ್ಟಿದ್ದಾರೆ ಎಂದು ಹೇಳಿಕೆ ಕೊಟ್ಟಿದ್ದ. ನಾನು ಪೇಪರನ್ನು ಮಡಿಸಿ ಹೆಂಡತಿಗೆ ಸಿಗದ ಹಾಗೆ ಕಸಕ್ಕೆ ಹಾಕಿದೆ.

ಅದಾದ ಎರಡು ವಾರಕ್ಕೆ, ಅವರಿಗೆ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಗೊತ್ತಾಗಿ ಷಿಕಾಗೋಗೆ ಹೋದೆ. ಸ್ವೆಟರಿಲ್ಲದೆ, ಮಂಕಿ ಕ್ಯಾಪಿಲ್ಲದೆ ಅವರನ್ನು ನೋಡಿದ್ದು ಅದೇ ಮೊದಲು. ತುಟಿ ಒಡೆದಿತ್ತು. ಡಾಕ್ಟರು ನೀರು ಕೊಡಬೇಡಿ ಎಂದಿದ್ದರು, ನರ್ಸು ಒದ್ದೆ ಹತ್ತಿಯಿಂದ ತುಟಿ ಒರೆಸಿ ಹೋದಳು. ನಾನು ಪಕ್ಕದಲ್ಲಿ ಕೂತು ಮಗಳ ಸ್ಕೂಲು, ಮನೆ, ಸೆಖೆ ಎಂದು ಏನೇನೋ ಹರಟಿದೆ. ಅವರು ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಆ ವರ್ಷ ಬಂತೇನ್ರೀ?"

ಯಾವ ವರ್ಷ ಎಂದು ನಾನು ಕೇಳಲಿಲ್ಲ. "ಇಲ್ಲ ಸರ್. ಅಲ್ಲಿ ಮಳೆ ಚೆನ್ನಾಗೇ ಆಗಿದೆಯಂತೆ" ಎಂದೆ.

ಅವರು ಕಣ್ಣು ಮುಚ್ಚಿದರು. ನಂಬಿದರು, ನಿದ್ದೆ ಬಂತು ಎಂದುಕೊಂಡು ನಾನು ಸದ್ದಾಗದಂತೆ ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅವರ ದನಿ ಬಂತು.

"ಪೇಪರು ಈ ಆಸ್ಪತ್ರೆಗೂ ಬರತ್ತೆ. ನೀವೇ ಹೇಳ್ತೀರೇನೋ ಅಂತ ಕಾದೆ."

ನಾನು ತಿರುಗಿ ನೋಡಲಿಲ್ಲ. ಆಗಲೂ ಹೇಳಲಿಲ್ಲ. ಲಿಫ್ಟಿನ ಗುಂಡಿ ಒತ್ತಿ ಕೆಳಗಿಳಿದು ಬಂದೆ.

ಈಗ ಹೇಳುತ್ತಿದ್ದೇನೆ ಸರ್. ಆ ವರ್ಷ ಬಂತು. ಆ ಪುಟದ ಮೇಲಿರುವ ಸಹಿ ನನ್ನದು.